‘ಇಲ್ಲಿಂದ’ ಅಂದರೆ ಎಲ್ಲಿಂದ?

ಮೇಷ್ಟ್ರ ಸ್ವಂತ ಪ್ರತಿ ಈಗ ನನ್ನ ಮೇಜಿನ ಮೇಲಿದೆ. ಅವರೇ ಬರೆದ ಪ್ರವಾಸ ಕೈಪಿಡಿ, ಬೆನ್ನು ಬಿಚ್ಚಿಹೋಗಿ ಟೇಪು ಹಾಕಿದ ಪುಸ್ತಕ. ಪುಟ ತಿರುವಿದರೆ ಅಚ್ಚಾದ ಅಕ್ಷರಕ್ಕಿಂತ ಮೊದಲು ಅಂಚಿನ ಪೆನ್ಸಿಲ್ ಬರಹ ಕಣ್ಣಿಗೆ ಬೀಳುತ್ತದೆ. ‘ಸೇತುವೆ ಕೊಚ್ಚಿಹೋಯಿತು, 2009.’ ‘ಬಾಗಿಲಿಗೆ ಬೀಗ. ಕೀಲಿಗೆ ಪಕ್ಕದ ಮನೆಯಲ್ಲಿ ಕೇಳಬೇಕು.’ ‘ಮರ ಬಿತ್ತು. ಈಗ ಗುರುತು ನೀರಿನ ಟ್ಯಾಂಕು.’ ಒಂದು ಪುಟದಲ್ಲಿ ಬರೀ ಒಂದು ದಿನಾಂಕ, ಪಕ್ಕದಲ್ಲಿ ಒಂದು ಸರಿ ಗುರುತು. ಅವತ್ತು ಅಲ್ಲಿಗೆ ಹೋಗಿದ್ದರು, ಬರೆದದ್ದೆಲ್ಲ ಹಾಗೇ ಇತ್ತು ಅಂತ ಅರ್ಥ.

ನಮ್ಮದು ಚಿಕ್ಕ ಪ್ರಕಾಶನ. ನಾನು ಅಲ್ಲಿ ಸಂಪಾದಕಿ. ಮೇಷ್ಟ್ರು ಬರೆದ ನಾಲ್ಕು ಪ್ರವಾಸ ಕೈಪಿಡಿಗಳು, ಒಂದೊಂದು ಸೀಮೆಗೆ ಒಂದೊಂದು, ನಮ್ಮಲ್ಲಿ ಮೂರು ಸಲ ಅಚ್ಚಾಗಿವೆ. 1987ರಲ್ಲಿ ಮೊಳೆ ಜೋಡಿಸಿ, 1998ರಲ್ಲಿ ಡಿಟಿಪಿ ಮಾಡಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸಿ, 2006ರಲ್ಲಿ ಬಣ್ಣದ ಫೋಟೋಗಳ ಜೊತೆ. ನಾಲ್ಕನೇ ಸಲ ಅಚ್ಚು ಹಾಕಿಸುವ ಬದಲು ಆನ್‌ಲೈನ್‌ಗೆ ತರೋಣ ಅಂತ ತೀರ್ಮಾನವಾದಾಗ, ಒಂದು ತಿಂಗಳ ಕೆಲಸ ಅಂದುಕೊಂಡಿದ್ದೆ. ಎರಡೂವರೆ ವರ್ಷ ಹಿಡಿಯಿತು. ಇಂಥದೇ ಪುಸ್ತಕ ಕೈಯಲ್ಲಿಟ್ಟುಕೊಂಡು ಮುಂದೇನು ಅಂತ ಕೂತಿರುವವರು ಬೇರೆ ಕಡೆಯೂ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾವು ಮಾಡಿದ್ದು ಸುಲಭದ ದಾರಿ. 2006ರ ಆವೃತ್ತಿಯನ್ನು ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿ, ನೆಟ್‌ನಲ್ಲಿ ಇಟ್ಟೆವು. ಕಂಪ್ಯೂಟರಿನಲ್ಲಿ ಚೆನ್ನಾಗೇ ಕಾಣಿಸಿತು. ಆಮೇಲೆ ಒಂದು ದಿನ ಅದನ್ನೇ ಫೋನಿನಲ್ಲಿಟ್ಟುಕೊಂಡು ಪುಸ್ತಕದಲ್ಲಿರುವ ಒಂದು ಜಲಪಾತಕ್ಕೆ ಹೋದೆ. ದಾರಿ ಕವಲಾಗುವಲ್ಲಿ ನಿಂತು ಪುಟ ತೆಗೆಯಲು ನೋಡಿದೆ. ಫೈಲು 80 ಎಂಬಿ ಮೇಲಿತ್ತು, ಸಿಗ್ನಲ್ ಒಂದೇ ಗೀಟು. ಬಿಸಿಲಿಗೆ ಪರದೆಯೂ ಸರಿಯಾಗಿ ಕಾಣುತ್ತಿರಲಿಲ್ಲ. ಹೇಗೋ ತೆರೆದುಕೊಂಡಿತು. ಪುಟ ಎರಡು ಕಾಲಮ್ಮಿನದು. ದೊಡ್ಡದು ಮಾಡಿದರೆ ಅರ್ಧ ಸಾಲು ಕಾಣುತ್ತದೆ, ಬೆರಳಿನಲ್ಲಿ ಎಳೆದು ಉಳಿದರ್ಧ ಓದಬೇಕು, ಮತ್ತೆ ಹಿಂದಕ್ಕೆ ಎಳೆದು ಮುಂದಿನ ಸಾಲು ಹುಡುಕಬೇಕು. ಆ ಪುಸ್ತಕವನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳುವ ಅಳತೆಗೆ ಕತ್ತರಿಸಿ ಕಟ್ಟಿದ್ದು ಯಾಕೆ ಅಂತ ಅವತ್ತು ಅಲ್ಲಿ ನಿಂತಾಗ ಅರ್ಥವಾಯಿತು.

ಅದೇ ವಾರ ಒಬ್ಬ ಓದುಗರಿಂದ ಪತ್ರ ಬಂತು. ಅವರಿಗೆ ಕಣ್ಣು ಕಾಣುವುದಿಲ್ಲ, ಫೋನು ಓದಿ ಹೇಳುವುದನ್ನು ಕೇಳುತ್ತಾರೆ. ‘ನಿಮ್ಮ ಕೈಪಿಡಿ ತೆರೆದರೆ ನನ್ನ ಫೋನು ಪುಟದ ಸಂಖ್ಯೆ ಬಿಟ್ಟು ಬೇರೇನೂ ಹೇಳುವುದಿಲ್ಲ’ ಎಂದು ಬರೆದಿದ್ದರು. ಸ್ಕ್ಯಾನ್ ಮಾಡಿದ ಪುಟ ಒಂದು ಚಿತ್ರ ಅಷ್ಟೇ. ಅದರಲ್ಲಿ ಅಕ್ಷರವೇ ಇಲ್ಲ. ಆ ಪತ್ರ ಓದಿದ ಮೇಲೆ ಪಿಡಿಎಫ್ ಕೈಬಿಟ್ಟೆವು.

ಅಕ್ಷರ ಬೇಕು ಅಂದಮೇಲೆ ಹಳೇ ಸೀಡಿಗಳನ್ನು ಹುಡುಕಿ ತೆಗೆದೆವು. ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ತಂತ್ರಾಂಶದ ಫೈಲುಗಳು ಇದ್ದವು. ಆದರೆ ಯುನಿಕೋಡ್‌ಗಿಂತ ಹಿಂದಿನ ಫಾಂಟಿನಲ್ಲಿ ಇದ್ದವು. ಯುನಿಕೋಡ್ ಅಂದರೆ ಈಗ ಎಲ್ಲ ಕಂಪ್ಯೂಟರು, ಫೋನುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ. ಈ ಕಷ್ಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಆ ಕಾಲದ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಿದ್ದರು. ಫೈಲಿನಲ್ಲಿ ಇರುವುದು ಕಣ್ಣಿಗೆ ಕಾಣುವ ಕ್ರಮ. ಅರ್ಕಾವತ್ತು ಕಾಗದದ ಮೇಲೆ ಅಕ್ಷರದ ಬಲಕ್ಕೆ ಬರುತ್ತದಲ್ವಾ? ಹಾಗಾಗಿ ಫೈಲಿನಲ್ಲೂ ಅಕ್ಷರ ಆದಮೇಲೆ ಬರುತ್ತದೆ. ಯುನಿಕೋಡ್ ಉಚ್ಚಾರಣೆಯ ಕ್ರಮ ಹಿಡಿಯುತ್ತದೆ. ಅಲ್ಲಿ ‘ರ್’ ಮೊದಲು, ಮಿಕ್ಕ ಅಕ್ಷರ ಆಮೇಲೆ. ಈ ಅದಲುಬದಲು ಸರಿಯಾಗಿ ಆಗದಿದ್ದರೆ ‘ಮಾರ್ಗ’ ಹೋಗಿ ‘ಮಾಗರ್’ ಆಗುತ್ತದೆ. ‘ಪರ್ವತ’ ಹೋಗಿ ‘ಪವರ್ತ’. ‘ದುರ್ಗ’ ಹೋಗಿ ‘ದುಗರ್’. ಪ್ರವಾಸದ ಪುಸ್ತಕದಲ್ಲಿ ಈ ಮೂರು ಮಾತುಗಳು ಎಷ್ಟು ಸಲ ಬರುತ್ತವೆ ನೋಡಿ. ‘ಪರ್ವತ’ ಅಂತ ಹುಡುಕಿದವರಿಗೆ ನಮ್ಮ ಪುಟ ಸಿಗುವುದೇ ಇಲ್ಲ.

ಯುನಿಕೋಡ್‌ಗೆ ಬದಲಿಸುವ ಉಪಕರಣಗಳು ಈಗ ಸುಮಾರಿವೆ. ಅವು ಬಹುಪಾಲು ಸರಿ ಮಾಡಿಕೊಟ್ಟವು. ತೊಂದರೆ ಬಂದದ್ದು ತಲೆಬರಹಗಳಲ್ಲಿ. 1998ರಲ್ಲಿ ಡಿಟಿಪಿ ಮಾಡಿದವರು ಚೆಂದ ಕಾಣಲಿ ಅಂತ ತಲೆಬರಹಕ್ಕೆ ಬೇರೆ ಕಂಪನಿಯ ಫಾಂಟು ಹಾಕಿದ್ದರು. ಅದರ ಸಂಕೇತಗಳೇ ಬೇರೆ. ಊರಿನ ಹೆಸರುಗಳೆಲ್ಲ ತಲೆಬರಹದಲ್ಲೇ ಇದ್ದವು. ಅವನ್ನು ಕೈಯಲ್ಲೇ ಮತ್ತೆ ಟೈಪ್ ಮಾಡಿದೆವು. ಅದೇ ಒಳ್ಳೆಯದಾಯಿತು. ಒಂದೊಂದು ಹೆಸರು ಟೈಪ್ ಮಾಡುವಾಗಲೂ ಜನ ಅದನ್ನು ಎಷ್ಟು ರೀತಿ ಬರೆಯುತ್ತಾರೆ ಅಂತ ಪಕ್ಕದಲ್ಲಿ ಗುರುತು ಹಾಕಿಕೊಂಡೆವು. ಹಳೇ ಹೆಸರು, ಬಾಯಿಮಾತಿನ ಹೆಸರು, ಬೋರ್ಡಿನ ಮೇಲಿನ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವ ನಾಲ್ಕಾರು ಬಗೆ. ಪುಸ್ತಕದ ಕೊನೆಯ ಅಕಾರಾದಿಯಲ್ಲಿ ಒಂದು ಊರಿಗೆ ಒಂದೇ ಹೆಸರು ಸಾಕಿತ್ತು. ಹುಡುಕುಪೆಟ್ಟಿಗೆಗೆ ಅಷ್ಟೂ ಬೇಕು.

1987ರ ಆವೃತ್ತಿಗೆ ಫೈಲೇ ಇರಲಿಲ್ಲ. ಅದು ಯಾಕೆ ಬೇಕಿತ್ತು ಅಂದರೆ, ಚರಿತ್ರೆಯ ಭಾಗ ಚೆನ್ನಾಗಿದ್ದದ್ದು ಅದರಲ್ಲೇ. ಪುಸ್ತಕದ ಅಚ್ಚು 16 ಪುಟದ ಫಾರಂಗಳ ಲೆಕ್ಕದಲ್ಲಿ ನಡೆಯುತ್ತದೆ. ಆಮೇಲಿನ ಆವೃತ್ತಿಗಳಲ್ಲಿ ಹತ್ತು ಫಾರಂಗೆ, ಅಂದರೆ 160 ಪುಟಕ್ಕೆ ಕೂರಿಸಲು ಅದನ್ನೇ ಕತ್ತರಿಸಿದ್ದರು. ಸರಿ, ಒಸಿಆರ್ ಮಾಡಿಸಿದೆವು, ಅಂದರೆ ಪುಟದ ಚಿತ್ರ ನೋಡಿ ಕಂಪ್ಯೂಟರೇ ಅಕ್ಷರ ಗುರುತಿಸುವುದು. ಓದಿದ್ದು ಪರವಾಗಿಲ್ಲ ಅನ್ನಿಸುವ ಹಾಗಿತ್ತು. ದ ಇದ್ದಲ್ಲಿ ಧ, ಪ ಇದ್ದಲ್ಲಿ ಷ, ಇಂಥವು ಓದುವಾಗ ಕಣ್ಣಿಗೆ ಹೊಡೆಯುತ್ತವೆ, ತಿದ್ದಬಹುದು. ಹೆದರಿಕೆ ಹುಟ್ಟಿಸಿದ್ದು ಅಂಕಿಗಳು. ಹಳೇ ಪುಸ್ತಕದಲ್ಲಿ ಎಲ್ಲ ಕನ್ನಡ ಅಂಕಿ. ೩ ಮತ್ತು ೬ ಪಕ್ಕಪಕ್ಕ ಇಟ್ಟು ನೋಡಿ, ಬಾಲ ತಿರುಗಿರುವುದಷ್ಟೇ ವ್ಯತ್ಯಾಸ. ಮಾಸಿದ ಅಚ್ಚಿನಲ್ಲಿ ‘ಹೊಳೆ ದಾಟಿ ೩ ಕಿ.ಮೀ.’ ಅನ್ನುವುದು ೬ ಆಗಿ ಬಂದಿತ್ತು. ಆ ವಾಕ್ಯ ವ್ಯಾಕರಣದಲ್ಲಿ ಸರಿ, ಅರ್ಥದಲ್ಲೂ ಸರಿ. ಯಾವ ಉಪಕರಣವೂ ಅದನ್ನು ತಪ್ಪು ಅಂತ ತೋರಿಸುವುದಿಲ್ಲ. ಸಂಜೆ ಹೊತ್ತು ಇನ್ನೂ ಮೂರು ಕಿಲೋಮೀಟರು ಇದೆ ಅಂತ ನಡೆಯುತ್ತಾ ಹೋಗುವವನಿಗೆ ಮಾತ್ರ ಗೊತ್ತಾಗುತ್ತದೆ.

ಅದಕ್ಕೇ ಕರಡು ತಿದ್ದುವ ಹಳೇ ಪದ್ಧತಿಗೆ ಹೋದೆವು. ಒಬ್ಬರು ಪುಸ್ತಕ ನೋಡಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪರದೆ ನೋಡುವುದು. ಅಂಕಿಗಳನ್ನು ಮಾತ್ರ. ನಾಲ್ಕು ಪುಸ್ತಕಕ್ಕೆ ಹನ್ನೊಂದು ದಿನ ಬೇಕಾಯಿತು. ಈ ಇಡೀ ಕೆಲಸದಲ್ಲಿ ಅಷ್ಟು ಸಾರ್ಥಕ ಅನ್ನಿಸಿದ ದಿನಗಳು ಬೇರೆ ಇಲ್ಲ.

ಹಕ್ಕುಗಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೇಷ್ಟ್ರ ಜೊತೆಗಿನ ಒಪ್ಪಂದದಲ್ಲಿ ಇದ್ದದ್ದು ‘ಮುದ್ರಣ’ ಎಂಬ ಮಾತು ಮಾತ್ರ. ಹೊಸ ಒಪ್ಪಂದ ಮಾಡಿಕೊಂಡೆವು. ಫೋಟೋಗಳನ್ನೂ ಪುಸ್ತಕಕ್ಕೆ ಮಾತ್ರ ಅಂತ ಕೊಂಡಿದ್ದರು. ಅರ್ಧದಷ್ಟು ಫೋಟೋಗಳನ್ನು ಬಿಡಬೇಕಾಯಿತು. ನಕ್ಷೆಗಳನ್ನು ಯಾವ ಮೂಲ ನೋಡಿ ಬರೆದರೋ ದಾಖಲೆಯೇ ಇರಲಿಲ್ಲ. ಅವನ್ನೂ ಬಿಟ್ಟು ಓಪನ್‌ಸ್ಟ್ರೀಟ್‌ಮ್ಯಾಪ್ ಹಿಡಿದೆವು. 2004ರಲ್ಲಿ ಶುರುವಾದ, ಜನರೇ ಸೇರಿ ಕಟ್ಟುತ್ತಿರುವ ಭೂಪಟ ಅದು. ಅವರ ಹೆಸರು ನಮೂದಿಸಿ ಯಾರು ಬೇಕಾದರೂ ಬಳಸಬಹುದು. ನಮ್ಮ ಸೀಮೆಯಲ್ಲಿ ಅದರಲ್ಲಿ ಇಲ್ಲದ ಕಾಲುದಾರಿಗಳನ್ನು ನಾವೇ ನಡೆದು ಸೇರಿಸಿದೆವು. ಕೆಲಸ ಶುರು ಮಾಡುವವರು ಈ ಹಕ್ಕಿನ ಕಾಗದಗಳನ್ನು ಮೊದಲ ದಿನವೇ ತೆಗೆದು ನೋಡಿ. ನಾವು ಆರು ತಿಂಗಳಾದ ಮೇಲೆ ನೋಡಿದೆವು.

ಇಷ್ಟಾದ ಮೇಲೆ ಬಂದದ್ದು ನಿಜವಾದ ಕೆಲಸ.

ಪುಸ್ತಕದಲ್ಲಿ ಅಧ್ಯಾಯ ಅಂದರೆ ಒಂದು ದಾರಿ. ಬಸ್ ನಿಲ್ದಾಣದಿಂದ ಹೊರಟು, ಒಂದಾದ ಮೇಲೊಂದು ನೋಡುತ್ತಾ, ಸಂಜೆಗೆ ಇನ್ನೊಂದು ಊರು ಸೇರುವುದು. ಆನ್‌ಲೈನ್‌ನಲ್ಲಿ ಓದುಗ ಹಾಗೆ ಬರುವುದಿಲ್ಲ. ಯಾವುದೋ ಕೋಟೆಯ ಹೆಸರು ಹುಡುಕುತ್ತಾನೆ, ನೇರ ಆ ಪುಟಕ್ಕೆ ಬಂದು ಇಳಿಯುತ್ತಾನೆ. ಹಿಂದಿನ ಪುಟ ಅನ್ನುವುದು ಅವನಿಗೆ ಇಲ್ಲವೇ ಇಲ್ಲ. ಹಾಗಾಗಿ ಅಧ್ಯಾಯಗಳನ್ನು ಒಡೆದು ಒಂದು ಜಾಗಕ್ಕೆ ಒಂದು ಪುಟ ಅಂತ ಮಾಡಿದೆವು. ನಾಲ್ಕು ಪುಸ್ತಕಗಳಿಂದ 318 ಪುಟ ಆದವು. ನೋಡಲು ಅಚ್ಚುಕಟ್ಟಾಗಿತ್ತು. ಮೇಷ್ಟ್ರಿಗೆ ತೋರಿಸೋಣ ಅಂತ ಫೋನು ತೆಗೆದುಕೊಂಡು ಅವರ ಮನೆಗೆ ಹೋದೆ.

ಅವರಿಗೆ ಎಂಬತ್ತು ದಾಟಿದೆ. ಕನ್ನಡಕ ಹಣೆಗೆ ಏರಿಸಿ, ಫೋನನ್ನು ಮುಖದ ಹತ್ತಿರ ಹಿಡಿದು, ಒಂದು ಮಡುವಿನ ಪುಟ ಓದತೊಡಗಿದರು. ಬಂಡೆಗಳ ನಡುವೆ ಹೊಳೆ ನಿಂತು ಆಳವಾಗಿರುವ ಜಾಗ. ಚೆನ್ನಾಗಿ ಬರೆದಿದ್ದಾರೆ, ಓದಿದರೆ ಹೋಗಬೇಕು ಅನ್ನಿಸುತ್ತದೆ. ಓದಿ ಮುಗಿಸಿ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಅಮ್ಮಾ, ‘ಬೇಡ’ ಎಲ್ಲಿ ಹೋಯ್ತು?”

ನನಗೆ ಅರ್ಥವಾಗಲಿಲ್ಲ. ತಮ್ಮ ಪ್ರತಿ ತಂದು ತೆಗೆದು ತೋರಿಸಿದರು. ಅಧ್ಯಾಯದಲ್ಲಿ, ಮಡುವಿನ ವಿವರಕ್ಕಿಂತ ಎರಡು ಪ್ಯಾರಾ ಹಿಂದೆ, ಹೊಳೆ ದಾಟುವ ಜಾಗದ ವಿವರಣೆಯ ಕೊನೆಯಲ್ಲಿ ಒಂದು ವಾಕ್ಯ ಇದೆ: ‘ಮೇಲೆ ಮಳೆ ಬಂದಿದ್ದರೆ ಇಲ್ಲಿಂದ ಮುಂದೆ ಬೇಡ.’ ನಾವು ಒಡೆದಾಗ ಆ ವಾಕ್ಯ ‘ಹೊಳೆ ದಾಟುವ ಜಾಗ’ ಎಂಬ ಪುಟಕ್ಕೆ ಹೋಗಿತ್ತು. ಅದು ಪ್ರವಾಸದ ಜಾಗ ಅಲ್ಲ ಅಂತ ಆ ಪುಟವನ್ನೇ ನಾವು ತೆಗೆದುಹಾಕಿದ್ದೆವು. ಮಡುವಿನ ಪುಟದಲ್ಲಿ ಮಳೆಯ ಮಾತೇ ಇಲ್ಲ.

“ಪುಸ್ತಕದಲ್ಲಿ ಓದೋನು ನನ್ನ ಜೊತೆ ನಡ್ಕೊಂಡು ಬರ್ತಾನೆ. ಹೊಳೆ ಹತ್ರ ನಿಲ್ಲಿಸಿ ಹೇಳ್ತೀನಿ. ಇದರಲ್ಲಿ ಅವನು ನೇರ ಮಡುವಿಗೇ ಬಂದ್ಬಿಟ್ಟ. ಅವನಿಗೆ ಯಾರು ಹೇಳೋದು?” ಅಂದರು.

ಆಫೀಸಿಗೆ ವಾಪಸ್ ಬಂದು ಮೊದಲು ಮಾಡಿದ ಕೆಲಸ, ಎಲ್ಲ ಪುಟಗಳಲ್ಲೂ ‘ಇಲ್ಲಿಂದ’ ಅಂತ ಹುಡುಕಿದ್ದು. 212 ಕಡೆ ಇತ್ತು. ‘ಇಲ್ಲಿಂದ ಎಡಕ್ಕೆ ಹತ್ತಬೇಕು.’ ‘ಇಲ್ಲಿಂದ ಕೋಟೆಯ ಗೋಡೆ ಪೂರ್ತಿ ಕಾಣುತ್ತದೆ.’ ‘ಇಲ್ಲಿಂದ ಮುಂದೆ ನೀರು ಸಿಗುವುದಿಲ್ಲ.’ ಒಂದೊಂದು ‘ಇಲ್ಲಿಂದ’ಕ್ಕೂ ಒಂದು ನೆಲ ಇದೆ. ಪುಟ ಒಡೆದಾಗ ಆ ನೆಲ ಜಾರಿಹೋಗಿದೆ. ಆಮೇಲೆ ‘ಅದೇ ದಾರಿಯಲ್ಲಿ’, ‘ಮೇಲೆ ಹೇಳಿದ’, ‘ಹಿಂದಿರುಗುವಾಗ’, ‘ಇದರ ಎದುರಿಗೇ’, ‘47ನೇ ಪುಟ ನೋಡಿ’. ಕೊನೆಯದು ಸುಲಭ, ಕೊಂಡಿ ಹಾಕಿದರೆ ಆಯಿತು. ಮಿಕ್ಕದ್ದು ಹಾಗಲ್ಲ. ಪ್ರತಿಯೊಂದಕ್ಕೂ ಮೇಷ್ಟ್ರ ಎದುರು ಕೂತು ‘ಇಲ್ಲಿಂದ ಅಂದರೆ ಎಲ್ಲಿಂದ?’ ಅಂತ ಕೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ‘ಕಲ್ಲುಬೆಂಚು ಇದೆಯಲ್ಲ, ಅದರ ಮುಂದಿಂದ.’ ‘ಗುಡ್ಡದ ಎರಡನೇ ತಿರುವಿಂದ.’ ಹಲವು ಕಡೆ ಅವರಿಗೂ ನೆನಪಿರಲಿಲ್ಲ. ಆ ಜಾಗಗಳಿಗೆ ಹೋಗಿಯೇ ನೋಡಬೇಕಾಯಿತು.

ಎಚ್ಚರಿಕೆಗಳಿಗೆ ಬೇರೆ ನಿಯಮ ಮಾಡಿದೆವು. ‘ಬೇಡ’, ‘ಜೋಪಾನ’, ‘ಒಬ್ಬರೇ ಹೋಗಬಾರದು’, ‘ಕತ್ತಲಾಗುವ ಮುಂಚೆ’ ಇಂಥ ಮಾತುಗಳಿರುವ ವಾಕ್ಯಗಳನ್ನೆಲ್ಲ ಮೊದಲು ಆರಿಸಿ ತೆಗೆದು, ಯಾವ ಯಾವ ಜಾಗಕ್ಕೆ ಅನ್ವಯಿಸುತ್ತವೋ ಆ ಎಲ್ಲ ಪುಟಗಳ ತಲೆಗೇ ಹಾಕಿದೆವು. ಒಂದೇ ವಾಕ್ಯ ಐದು ಪುಟದಲ್ಲಿ ಬಂದರೂ ಪರವಾಗಿಲ್ಲ. ಪುಸ್ತಕದಲ್ಲಿ ಒಂದು ಮಾತನ್ನು ಎರಡು ಸಲ ಹೇಳಿದರೆ ಸಂಪಾದಕರು ಹೊಡೆದುಹಾಕುತ್ತಾರೆ. ನಾನೂ ಇಪ್ಪತ್ತು ವರ್ಷ ಅದನ್ನೇ ಮಾಡಿದ್ದೇನೆ. ಇಲ್ಲಿ ಎಚ್ಚರಿಕೆಯ ಮಾತನ್ನು ಪ್ರತಿ ಬಾಗಿಲಲ್ಲೂ ಹೇಳಬೇಕು, ಯಾಕೆಂದರೆ ಯಾರು ಯಾವ ಬಾಗಿಲಿಂದ ಬರುತ್ತಾರೋ ಗೊತ್ತಿಲ್ಲ.

ದಾರಿಗಳನ್ನೂ ಬಿಡಲಿಲ್ಲ. ಜಾಗದ ಪುಟಗಳ ಜೊತೆಗೆ ಮೇಷ್ಟ್ರ 36 ದಾರಿಗಳು ಅವರ ಮಾತಿನಲ್ಲೇ, ಮೊದಲಿಂದ ಕೊನೆವರೆಗೆ, ಬೇರೆ ಪುಟಗಳಾಗಿ ಇವೆ. ಜಾಗದ ಪುಟದ ಕೆಳಗೆ ‘ಈ ಜಾಗ ಈ ದಾರಿಯಲ್ಲಿ ಬರುತ್ತದೆ’ ಎಂಬ ಕೊಂಡಿ ಇದೆ. ‘ಹತ್ತಿರದಲ್ಲಿ ಏನಿದೆ’ ಅಂತ ದೂರ ಲೆಕ್ಕ ಹಾಕಿ ಪಟ್ಟಿ ಕೊಡುವುದು ಕಂಪ್ಯೂಟರಿಗೆ ಕ್ಷಣದ ಕೆಲಸ. ಆದರೆ ಆ ಗುಡ್ಡವನ್ನು ಬೆಳಿಗ್ಗೆಯೇ ಹತ್ತಬೇಕು, ಗುಹೆಯನ್ನು ಬಿಸಿಲಿನ ಹೊತ್ತಿಗೆ ಇಟ್ಟುಕೊಳ್ಳಬೇಕು ಅನ್ನುವುದು ದೂರದ ಲೆಕ್ಕದಲ್ಲಿ ಬರುವುದಿಲ್ಲ.

1987ರ ಚರಿತ್ರೆಯ ಭಾಗ ಪೂರ್ತಿ ಹಾಕೋಣ, ಈಗ ಫಾರಂ ಲೆಕ್ಕ ಇಲ್ಲವಲ್ಲ ಅಂತ ನನಗೆ ಆಸೆ. ಮೇಷ್ಟ್ರೇ ಬೇಡ ಅಂದರು. “ಜಾಗ ಇದೆ ಅಂತ ತುಂಬಬೇಡಮ್ಮ. ಓದೋನು ನಿಂತ್ಕೊಂಡು ಓದ್ತಿರ್ತಾನೆ.” ಅದಕ್ಕೇ ಪ್ರತಿ ಪುಟವೂ ನಿಂತು ಓದುವಷ್ಟು ಮೊದಲು, ಕೂತು ಓದುವಷ್ಟು ಕೆಳಗೆ ಅಂತ ಎರಡು ಭಾಗ ಮಾಡಿದೆವು. ಚರಿತ್ರೆ ಕೆಳಗಿದೆ. ಬೇಕಾದವರು ಮನೆಗೆ ಹೋಗಿ ಓದುತ್ತಾರೆ.

ಭೂಪಟದ ಮೇಲೆ ಚುಕ್ಕಿ ಇಡುವಾಗ ಮೂರು ತಪ್ಪು ಮಾಡಿದೆವು. 1998ರ ಆವೃತ್ತಿಯ ಕೊನೆಗೆ ಪ್ರತಿ ಜಾಗದ ಅಕ್ಷಾಂಶ ರೇಖಾಂಶಗಳ ಪಟ್ಟಿ ಇತ್ತು. ಆ ಕಾಲಕ್ಕೆ ಅದು ದೊಡ್ಡ ವಿಷಯ. ಮೇಷ್ಟ್ರ ಗೆಳೆಯರೊಬ್ಬರು ಕೈಯಲ್ಲಿ ಹಿಡಿಯುವ ಜಿಪಿಎಸ್ ತಂದು ಅಳೆದುಕೊಟ್ಟಿದ್ದರು. ಪಟ್ಟಿ ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿತ್ತು. ಟೈಪ್ ಮಾಡುವಾಗ 30 ನಿಮಿಷ ಇದ್ದಲ್ಲಿ ಚುಕ್ಕಿ ಇಟ್ಟು .30 ಅಂತ ಹಾಕಿದ್ದೆವು. 30 ನಿಮಿಷ ಅಂದರೆ ಅರ್ಧ ಡಿಗ್ರಿ, .50 ಆಗಬೇಕು. ಅಕ್ಷಾಂಶದ ಒಂದು ಡಿಗ್ರಿ ನೆಲದ ಮೇಲೆ ಸುಮಾರು 111 ಕಿಲೋಮೀಟರು. 0.2 ಡಿಗ್ರಿ ತಪ್ಪಿದರೆ 22 ಕಿಲೋಮೀಟರು ಆಚೆ ಹೋಯಿತು. ಇನ್ನೊಂದು, ಭೂಪಟಕ್ಕೆ ಮಾಹಿತಿ ಕೊಡುವ ಜಿಯೋಜೇಸನ್ ಎಂಬ ಫೈಲಿನಲ್ಲಿ ರೇಖಾಂಶ ಮೊದಲು ಬರೆಯಬೇಕು. ಬಾಯಲ್ಲಿ ನಾವು ಹೇಳುವುದು ಅಕ್ಷಾಂಶ ಮೊದಲು. ಹಾಗೇ ಬರೆದು ಒಂದು ದಿನ ಎಲ್ಲ ಜಾಗಗಳೂ ಸಮುದ್ರದಲ್ಲಿ ಬಿದ್ದಿದ್ದವು. ಇವೆರಡೂ ದೊಡ್ಡ ತಪ್ಪುಗಳು, ಹಾಗಾಗಿ ಬೇಗ ಕಂಡವು.

ಮೂರನೆಯದು ಚಿಕ್ಕದು, ಅದೇ ಅಪಾಯದ್ದು. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಸಾಮಾನ್ಯ ಜನ ಬಳಸುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿತ್ತು. ಅಳತೆ 100 ಮೀಟರಿನವರೆಗೂ ಆಚೀಚೆ ಆಗುತ್ತಿತ್ತು. 1998ರ ನಮ್ಮ ಪಟ್ಟಿ ಪೂರ್ತಿ ಆ ಕಾಲದ್ದು. ಊರಿನ ಮಧ್ಯದ ಕಟ್ಟಡಕ್ಕೆ 100 ಮೀಟರು ದೊಡ್ಡದಲ್ಲ, ಅಲ್ಲಿಗೆ ಹೋದರೆ ಕಾಣುತ್ತದೆ. ಗುಡ್ಡದ ಅಂಚಿನ ವೀಕ್ಷಣೆಯ ಜಾಗಕ್ಕೆ ಆ 100 ಮೀಟರು ಗಾಳಿಯಲ್ಲಿ ಇರಬಹುದು. ಫೋನು ತೋರಿಸಿದ ಕಡೆಗೆ ತಲೆ ತಗ್ಗಿಸಿ ನಡೆಯುವವರು ಇದ್ದಾರೆ. ಹಳೇ ಪಟ್ಟಿಯನ್ನು ಪೂರ್ತಿ ಬಿಟ್ಟು ಒಂದೊಂದು ಜಾಗವನ್ನೂ ಹೊಸದಾಗಿ ಅಳೆದೆವು. ಅಳೆಯುವಾಗ ಜಾಗದ ಮಧ್ಯಕ್ಕಲ್ಲ, ಜನ ಸುರಕ್ಷಿತವಾಗಿ ನಿಲ್ಲಬಹುದಾದ ಕಡೆಗೆ, ಅಥವಾ ಒಳಗೆ ಹೋಗುವ ಬಾಗಿಲಿಗೆ ಚುಕ್ಕಿ ಇಟ್ಟೆವು.

ಹಾಗೆ ಅಳೆಯಲು ಹೋದದ್ದರಿಂದಲೇ ಎಲ್ಲ ಜಾಗಗಳನ್ನೂ ಮತ್ತೆ ನೋಡಿದಂತಾಯಿತು. ಅದಿಲ್ಲದಿದ್ದರೆ 2006ರ ಮಾತುಗಳನ್ನೇ ಹೊಸ ಬಟ್ಟೆ ತೊಡಿಸಿ ಕೊಟ್ಟಿರುತ್ತಿದ್ದೆವು. ಪುಸ್ತಕದ ಮೇಲೆ ‘ಮೂರನೇ ಮುದ್ರಣ 2006’ ಅಂತ ಇರುತ್ತದೆ. ಓದುವವನು ಹಳೇದು ಅಂತ ತಿಳಿದುಕೊಂಡು ವಿಚಾರಿಸಿ ಹೋಗುತ್ತಾನೆ. ಕಾಗದ ಹಳದಿಯಾದರೇ ವಯಸ್ಸು ಗೊತ್ತಾಗುತ್ತದೆ. ಪರದೆಯ ಮೇಲಿನ ಮಾತು ಎಷ್ಟು ವರ್ಷ ಕಳೆದರೂ ನಿನ್ನೆ ಬರೆದ ಹಾಗೇ ಕಾಣುತ್ತದೆ. ನನಗೆ ಇದು ದೊಡ್ಡ ಚಿಂತೆ.

ಮೇಷ್ಟ್ರ ಪ್ರತಿಯ ಅಂಚಿನಲ್ಲಿ ಅದಕ್ಕೆ ಉತ್ತರ ಇತ್ತು. ದಿನಾಂಕ. ಪುಟಕ್ಕೊಂದು ದಿನಾಂಕ ಅಲ್ಲ, ಮಾತಿಗೊಂದು. ಪ್ರವಾಸದ ಮಾಹಿತಿಯನ್ನು ಜನರೇ ಸೇರಿ ಬರೆಯುವ ವಿಕಿವಾಯೇಜ್‌ನಲ್ಲೂ ಹೋಟೆಲು, ವಸ್ತುಸಂಗ್ರಹಾಲಯ ಮುಂತಾದ ಒಂದೊಂದು ನಮೂದಿಗೂ ಕೊನೆಗೆ ತಿದ್ದಿದ ದಿನಾಂಕ ಹಾಕುವ ವ್ಯವಸ್ಥೆ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೂ ಪರಿಶೀಲಿಸಿದ ದಿನಾಂಕಕ್ಕೆ ಒಂದು ಗುರುತಿದೆ. ನಾವು ನಮ್ಮ ಮಾಹಿತಿಯನ್ನು ಕಲ್ಲು, ದಾರಿ, ಬಾಗಿಲು, ಫೋನು ಅಂತ ನಾಲ್ಕು ಮಾಡಿಕೊಂಡೆವು. ಕಲ್ಲು ಅಂದರೆ ಗುಡ್ಡ, ಕೋಟೆ, ಶಾಸನ. ಅದು ಬದಲಾಗುವುದು ನಿಧಾನ, ಐದು ವರ್ಷಕ್ಕೊಮ್ಮೆ ನೋಡಿದರೆ ಸಾಕು. ದಾರಿಯನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ನೋಡಬೇಕು. ಬಾಗಿಲು ತೆರೆಯುವ ಹೊತ್ತು, ರಜೆಯ ದಿನ, ಪ್ರವೇಶದ ದರ ಇವಕ್ಕೆ ಆರು ತಿಂಗಳು. ಫೋನ್ ನಂಬರಿಗೆ ಮೂರು ತಿಂಗಳು. ಪ್ರತಿ ಸಾಲಿನ ಪಕ್ಕದಲ್ಲೂ ಸಣ್ಣ ಅಕ್ಷರದಲ್ಲಿ ‘ನೋಡಿದ್ದು’ ಅಂತ ದಿನಾಂಕ ಇದೆ. ಅವಧಿ ದಾಟಿದರೆ ‘ಇದನ್ನು ನೋಡಿ ಹೆಚ್ಚು ದಿನವಾಗಿದೆ, ವಿಚಾರಿಸಿ ಹೋಗಿ’ ಎಂಬ ಸಾಲು ತಾನಾಗಿಯೇ ಬರುತ್ತದೆ.

ಹಾಗೆ ಹಾಕಿದರೆ ಓದುಗರ ನಂಬಿಕೆ ಹೋಗುತ್ತದೆ ಅಂತ ನಮ್ಮಲ್ಲೇ ವಾದ ನಡೆಯಿತು. ಆದದ್ದು ಬೇರೆ. ಆ ಸಾಲು ಇರುವ ಪುಟಗಳಿಂದಲೇ ತಿದ್ದುಪಡಿಗಳು ಜಾಸ್ತಿ ಬರತೊಡಗಿದವು. ‘ನಾನು ಇವತ್ತು ಇಲ್ಲೇ ಇದ್ದೇನೆ, ತೆರೆದಿದೆ’ ಅಂತ ಜನ ಬರೆಯುತ್ತಾರೆ. ಕೆಲವರು ಬೋರ್ಡಿನ ಫೋಟೋ ಕಳಿಸುತ್ತಾರೆ.

ಓದುಗರು ತಿದ್ದುವುದು ನೆಟ್ ಬಂದ ಮೇಲೆ ಶುರುವಾದದ್ದಲ್ಲ. ಲಂಡನ್ನಿನ ಜಾನ್ ಮರ್ರೆ ಪ್ರಕಾಶನ ತನ್ನ ‘ಹ್ಯಾಂಡ್‌ಬುಕ್’ ಮಾಲೆಯ ಮೊದಲ ಪ್ರವಾಸ ಕೈಪಿಡಿ ತಂದದ್ದು 1836ರಲ್ಲಿ. ಅದೇ ಕಾಲದಲ್ಲಿ ಜರ್ಮನಿಯಲ್ಲಿ ಕಾರ್ಲ್ ಬೇಡೆಕರ್ ಕೂಡ ಕೈಪಿಡಿಗಳನ್ನು ತರುತ್ತಿದ್ದರು. ಆ ಪುಸ್ತಕಗಳೂ ತಪ್ಪು ಕಂಡರೆ ತಿಳಿಸಿ ಅಂತ ಪ್ರವಾಸಿಗರನ್ನು ಕೇಳಿಕೊಳ್ಳುತ್ತಿದ್ದವು. ನಮ್ಮ ಕೈಪಿಡಿಯ ಕೊನೆ ಪುಟದಲ್ಲೂ ‘ತಪ್ಪು ಕಂಡರೆ ಒಂದು ಕಾರ್ಡು ಬರೆಯಿರಿ’ ಅಂತ ಇತ್ತು. ಬಂದ ಕಾರ್ಡುಗಳನ್ನು ಮೇಷ್ಟ್ರು ಒಂದು ಡಬ್ಬಿಯಲ್ಲಿ ಇಟ್ಟಿದ್ದಾರೆ. ಒಂದರಲ್ಲಿ ಹೀಗಿದೆ: ‘ಗುಡ್ಡಕ್ಕೆ 214 ಮೆಟ್ಟಿಲು ಎಂದು ಬರೆದಿದ್ದೀರಿ. ನನ್ನ ಮಗಳು ಹತ್ತುವಾಗಲೂ ಇಳಿಯುವಾಗಲೂ ಎಣಿಸಿದಳು. 209.’ ಮೇಷ್ಟ್ರ ಪ್ರತಿಯಲ್ಲಿ ಆ ಪುಟ ತೆಗೆದು ನೋಡಿದೆ. 214ನ್ನು ಹೊಡೆದುಹಾಕಿ ಪಕ್ಕದಲ್ಲಿ ‘209. ಹುಡುಗಿ ಸರಿ’ ಅಂತ ಇದೆ, ಕೆಳಗೆ ದಿನಾಂಕ. ಕಾರ್ಡು ಬಂದ ಹನ್ನೆರಡನೇ ದಿನ. ಹೋಗಿ ಎಣಿಸಿ ಬಂದಿದ್ದರು.

ನಮ್ಮ ಮೊದಲ ತಿದ್ದುಪಡಿ ಅರ್ಜಿಯಲ್ಲಿ ಹೆಸರು, ಇಮೇಲ್, ಫೋನು, ವಿಷಯ ಎಲ್ಲ ಕೇಳಿದ್ದೆವು. ಯಾರೂ ತುಂಬಲಿಲ್ಲ. ಈಗ ಪ್ರತಿ ವಿವರದ ಕೆಳಗೆ ಒಂದೇ ಪೆಟ್ಟಿಗೆ: ‘ಇಲ್ಲಿ ಏನು ಬದಲಾಗಿದೆ?’ ಬಂದದ್ದನ್ನು ಹಾಗೇ ಹಾಕುವುದಿಲ್ಲ. ಅಲ್ಲಿಯವರಿಗೆ ಫೋನು ಮಾಡಿ ಕೇಳುತ್ತೇವೆ, ಫೋಟೋ ನೋಡುತ್ತೇವೆ, ಅನುಮಾನ ಇದ್ದರೆ ಹೋಗುತ್ತೇವೆ. ‘ನೋಡಿದ್ದು’ ಅನ್ನುವ ಮಾತು ಸುಳ್ಳಾಗಬಾರದು.

ಒಂದು ಗುಹೆಯನ್ನು ಮಾತ್ರ ಬಿಟ್ಟೆವು. ಬಾವಲಿಗಳು ಮರಿ ಮಾಡುವ ಗುಹೆ ಅದು. ಮೂರು ಆವೃತ್ತಿಗಳಲ್ಲೂ ಇತ್ತು. ವರ್ಷಕ್ಕೆ ಹತ್ತಾರು ಜನ ಪುಸ್ತಕ ಹಿಡಿದು, ದಾರಿ ಕೇಳಿಕೊಂಡು, ಅಷ್ಟು ದೂರ ನಡೆದು ಹೋಗುವುದು ಬೇರೆ. ಒಂದು ಚುಕ್ಕಿ ಒತ್ತಿ ಗುಂಪುಗುಂಪಾಗಿ ಟಾರ್ಚು ಹಿಡಿದು ಬರುವುದು ಬೇರೆ. ನಾನು ಚುಕ್ಕಿ ತೆಗೆದು ಬರಹ ಉಳಿಸೋಣ ಅಂದೆ. ಮೇಷ್ಟ್ರು ಬರಹವನ್ನೂ ತೆಗೆಸಿದರು. ಅದು ಅವರ ಅತ್ಯಂತ ಚೆಂದದ ಪುಟಗಳಲ್ಲೊಂದು. ತೆಗೆಯುವಾಗ ನನಗೆ ಸಂಕಟವಾಯಿತು. ಅವರು ಮಾತ್ರ ಮತ್ತೆ ಆ ಮಾತೆತ್ತಲಿಲ್ಲ.

ಸಿಗ್ನಲ್ ಇಲ್ಲದ ಕಡೆಗೆ ಏನು ಮಾಡುವುದು ಅನ್ನುವುದು ಕೊನೆಗೆ ಉಳಿದ ಪ್ರಶ್ನೆ. ಚೆಂದದ ಜಾಗಗಳಲ್ಲಿ ಹೆಚ್ಚಿನವು ಅಂಥವೇ. ಪುಟದಲ್ಲಿ ಮೊದಲು ಅಕ್ಷರ ಮಾತ್ರ ಬರುವಂತೆ, ಫೋಟೋಗಳು ಕೇಳಿದರೆ ಮಾತ್ರ ಬರುವಂತೆ ಮಾಡಿದೆವು. ಪ್ರತಿ ದಾರಿಗೂ ‘ಫೋನಿನಲ್ಲಿ ಉಳಿಸಿಕೊಳ್ಳಿ’ ಎಂಬ ಗುಂಡಿ ಇದೆ. ಮನೆಯಲ್ಲಿ ಒತ್ತಿಕೊಂಡು ಹೊರಟರೆ ದಾರಿಯ ಎಲ್ಲ ಪುಟಗಳೂ ನೆಟ್ ಇಲ್ಲದೆ ತೆರೆಯುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸ್ವಂತ ಸರ್ವರಿನಿಂದ ಭೂಪಟದ ತುಂಡುಗಳನ್ನು ಸಾರಾಸಗಟಾಗಿ ಇಳಿಸಿಕೊಳ್ಳಲು ಅವರ ನಿಯಮದಲ್ಲಿ ಅವಕಾಶ ಇಲ್ಲ. ಹಾಗಾಗಿ ಅವರ ಮಾಹಿತಿ ತೆಗೆದುಕೊಂಡು ದಾರಿಗೊಂದರಂತೆ ಹಗುರವಾದ ನಕ್ಷೆ ನಾವೇ ಬರೆದೆವು. ಮೇಷ್ಟ್ರ ಹಳೇ ನಕ್ಷೆಗಳ ಹಾಗೆ, ಬೇಕಾದದ್ದಷ್ಟೇ ಇರುವಂಥವು.

ಕಾಗದವನ್ನೂ ಪೂರ್ತಿ ಬಿಟ್ಟಿಲ್ಲ. ಪ್ರತಿ ಸೀಮೆಗೆ ಮಡಚುವ ಒಂದೇ ಹಾಳೆ ಅಚ್ಚು ಮಾಡಿಸಿದ್ದೇವೆ. ಒಂದು ಕಡೆ ನಕ್ಷೆ, ಇನ್ನೊಂದು ಕಡೆ ದಾರಿಗಳ ಹೆಸರು, ಪಕ್ಕದಲ್ಲಿ ಕ್ಯೂಆರ್ ಕೋಡ್. ಬದಲಾಗುವ ಯಾವ ಮಾತೂ ಅದರಲ್ಲಿಲ್ಲ. ಇದರಲ್ಲೂ ಒಂದು ಪಾಠ ಸಿಕ್ಕಿತು. ಮೊದಲ ಸಲ ಕೋಡಿನಲ್ಲಿ ಪುಟದ ಪೂರ್ತಿ ವಿಳಾಸ ಹಾಕಿದ್ದೆವು. ಆಮೇಲೆ ಪುಟಗಳನ್ನು ಬೇರೆ ರೀತಿ ಜೋಡಿಸಿದಾಗ ಹಳೇ ವಿಳಾಸಗಳು ಸತ್ತವು, ಅಚ್ಚಾದ ಹಾಳೆಗಳು ಹಾಳಾದವು. ಈಗ ನಮ್ಮದೇ ಚಿಕ್ಕ ವಿಳಾಸ ಹಾಕುತ್ತೇವೆ, ಉದಾಹರಣೆಗೆ ದಾರಿ 12. ಅದು ಯಾವ ಪುಟಕ್ಕೆ ಹೋಗಬೇಕು ಅನ್ನುವುದನ್ನು ನಾವು ಯಾವಾಗ ಬೇಕಾದರೂ ಬದಲಿಸಬಹುದು. ಅಚ್ಚಾದದ್ದು ಹಾಗೇ ಇರುತ್ತದೆ.

ಹೋದ ತಿಂಗಳು, ಆವತ್ತು ಪತ್ರ ಬರೆದಿದ್ದ ಕಣ್ಣು ಕಾಣದ ಓದುಗರಿಗೆ ಕೊಂಡಿ ಕಳಿಸಿದೆ. ಅವರು ಒಂದು ದಾರಿಯನ್ನು ಪೂರ್ತಿ ಕೇಳಿ ಫೋನು ಮಾಡಿದರು. ಎಲ್ಲ ಚೆನ್ನಾಗಿದೆ, ಆದರೆ ‘ಎದುರಿಗೆ ಕಾಣುವ ದೊಡ್ಡ ಬಂಡೆಯಿಂದ ಬಲಕ್ಕೆ’ ಅಂದರೆ ನಾನು ಏನು ಹುಡುಕಲಿ ಅಂತ ಕೇಳಿದರು. ಅಲ್ಲಿ ನೀರಿನ ಸದ್ದು ಕೇಳುತ್ತದೋ, ನೆಲ ಕಲ್ಲಿನದೋ ಮಣ್ಣಿನದೋ, ಗಾಳಿ ಎಲ್ಲಿಂದ ಬೀಸುತ್ತದೆ, ಇದನ್ನೂ ಬರೆಯಬಹುದಾ ಅಂದರು. ಬರೆಯಬಹುದು. ಅದಕ್ಕೆ ಮತ್ತೆ ಹೋಗಬೇಕು.

ಇವತ್ತಿನ ಪಟ್ಟಿಯಲ್ಲಿ ಅವಧಿ ದಾಟಿದ ಸಾಲುಗಳು 41. ಅದರಲ್ಲಿ ದಾರಿಗಳು ಏಳು. ನಾಳೆ ಬೆಳಿಗ್ಗೆ ಆ ಬಂಡೆಯ ದಾರಿಯಿಂದಲೇ ಶುರು ಮಾಡುತ್ತೇನೆ. ಮೇಷ್ಟ್ರ ಪ್ರತಿ ಚೀಲದಲ್ಲಿಟ್ಟುಕೊಂಡಿದ್ದೇನೆ.